ಕಳೆದ ವರ್ಷ ಕೊಂಡವರನ್ನು ಕೇಳು

ಪುಟ್ಟಿ,

ಶಿಕಾಗೋಗೆ ಟಿಕೆಟ್ ಆಯ್ತು ಅನ್ನೋ ನಿನ್ನ ಮೆಸೇಜನ್ನು ಒಲೆ ಮುಂದೆ ನಿಂತೇ ಎರಡು ಸಲ ಓದಿದೆ. ಎಬಿಎ ಟೆಕ್‌ಶೋ ಅನ್ನೋ ಕಾನೂನು ತಂತ್ರಜ್ಞಾನದ ಸಮ್ಮೇಳನಕ್ಕೆ ನಿನ್ನನ್ನು ಕಳಿಸುತ್ತಿದ್ದಾರೆ ಅಂದರೆ ಕಂಪನಿಯವರಿಗೆ ನಿನ್ನ ಮೇಲೆ ಭರವಸೆ ಇದೆ ಅಂತಲೇ ಅರ್ಥ. ನಮ್ಮ ಮನೆಯಲ್ಲಿ ಕಾನೂನು, ಕಂಪ್ಯೂಟರು ಎರಡನ್ನೂ ಒಟ್ಟಿಗೆ ಕಟ್ಟಿಕೊಂಡವರು ನನ್ನನ್ನು ಬಿಟ್ಟರೆ ನೀನೊಬ್ಬಳೇ. ‘ಅತ್ತೆ, ಇಷ್ಟೊಂದು ಸೆಷನ್ ಇವೆ, ಯಾವುದಕ್ಕೆ ಹೋಗಲಿ, ಯಾವುದು ಬಿಡಲಿ?’ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಲು ಕೂತರೆ ಇಲ್ಲಿ ನನಗೆ ಬೆಳಗಾಗುವಾಗ ಬೆಂಗಳೂರಿನಲ್ಲಿ ನಿನಗೆ ಸಂಜೆ. ಅರ್ಧ ಮಾತು ಗಡಿಬಿಡಿಯಲ್ಲೇ ಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಿಧಾನವಾಗಿ ಓದಿಕೋ.

ನಿನ್ನ ತಾತ ಎತ್ತು ಕೊಳ್ಳುತ್ತಿದ್ದ ಬಗೆಯನ್ನು ನಿನಗೆ ಯಾರೂ ಹೇಳಿರಲಾರರು. ನನಗೆ ಹತ್ತು ವರ್ಷವಿದ್ದಾಗ ಒಮ್ಮೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದರು. ಕೊರೆಯುವ ಚಳಿ. ಕಣ್ಣು ಹಾಯುವಷ್ಟು ದೂರ ಹಳ್ಳಿಕಾರ್ ಜೋಡಿಗಳು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನ ಮೇಲೆ ಜೂಲು. ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಅಪ್ಪ ಒಂದು ಜೋಡಿಯನ್ನು ಮೆಚ್ಚಿದರು. ಹಲ್ಲು ನೋಡಿದರು, ಸುಳಿ ನೋಡಿದರು, ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಆಮೇಲೆ ಬೆಲೆ ಮಾತೇ ಎತ್ತದೆ ಅಲ್ಲಿಂದ ಹೊರಟರು. ಸೀದಾ ಹೋಗಿ ಕೂತದ್ದು ದೂರದ ಹುಣಸೆ ಮರದ ಕೆಳಗೆ, ಗಾಡಿ ಬಿಚ್ಚಿ ಮುದ್ದೆ ತೊಳಸುತ್ತಿದ್ದ ಒಂದು ಗುಂಪಿನ ಪಕ್ಕ. ಅದೇ ಮಾರುವವನಿಂದ ಹೋದ ವರ್ಷ ಎತ್ತು ಹೊಡೆದುಕೊಂಡು ಹೋಗಿದ್ದವರು ಅವರು. ‘ಹೊಲಕ್ಕೆ ಇಳಿಸಿದ ಮೇಲೆ ಹೆಂಗಪ್ಪ ಎಳೆದ್ವು?’ ಅಂತ ಕೇಳಿದರು. ಅರ್ಧ ಗಂಟೆ ಮಾತಾಯಿತು. ಅಪ್ಪ ಆ ಜೋಡಿಯನ್ನು ಕೊಳ್ಳಲಿಲ್ಲ. ಬಿಸಿಲು ಏರಿದರೆ ಆ ಕೊಟ್ಟಿಗೆಯ ಎತ್ತುಗಳು ನೊಗದಲ್ಲೇ ಮಲಗಿಬಿಡುತ್ತಿದ್ದವಂತೆ.

ನ್ಯೂಯಾರ್ಕಿನ ವಕೀಲರ ಕಚೇರಿಗಳಲ್ಲಿ ಇಪ್ಪತ್ತಾರು ವರ್ಷ ಲಿಟಿಗೇಶನ್ ಸಪೋರ್ಟ್, ಅಂದರೆ ದಾವೆಗಳ ದಾಖಲೆ ನಿಭಾಯಿಸುವ ಕೆಲಸ ಮಾಡಿದೆ. ಹತ್ತಿರ ಹತ್ತಿರ ನಲವತ್ತು ಸಮ್ಮೇಳನ ನೋಡಿರಬಹುದು. ನನ್ನ ಕೆಲಸಕ್ಕೆ ಒದಗಿದ್ದೆಲ್ಲ ಆ ಹುಣಸೆ ಮರದ ಕೆಳಗೆ ಸಿಗುವಂಥ ಮಾತು. ನಿನ್ನ ಪ್ರಶ್ನೆಗೆ ಉತ್ತರ ಅಷ್ಟೇ ಕಣೇ: ಕಳೆದ ವರ್ಷ ಕೊಂಡವರು ಎಲ್ಲಿ ಕೂತಿದ್ದಾರೋ ಅಲ್ಲಿಗೆ ಹೋಗು. ಆದರೆ ನಾನು ಹೋಗುತ್ತಿದ್ದ ಕಾಲಕ್ಕೆ ಆ ಮರ ಬಾಗಿಲಲ್ಲೇ ಇತ್ತು, ಈಗ ಹುಡುಕಬೇಕು. ಯಾಕೆ ಹೀಗಾಯಿತು ಅಂತ ಗೊತ್ತಿದ್ದರೆ ಹುಡುಕುವುದು ಸುಲಭವಾಗುತ್ತದೆ.

ಈ ಕೂಟಗಳು ಹುಟ್ಟಿದ್ದೇ ಬಳಸುವವರಿಂದ. ಇವತ್ತು ಇಲ್ಟಾ ಅಂತ ಎಲ್ಲರೂ ಕರೆಯುವ ಸಂಘ 1980ರಲ್ಲಿ ಶುರುವಾದಾಗ ಅದು ವಾಂಗ್ ಕಂಪನಿಯ ಕಂಪ್ಯೂಟರು ಕೊಂಡಿದ್ದ ಕೆಲವು ವಕೀಲರ ಕಚೇರಿಗಳ ಸಿಬ್ಬಂದಿ ಕಟ್ಟಿಕೊಂಡ ಗುಂಪು. ಯಂತ್ರ ಕೈಕೊಟ್ಟಾಗ ಒಬ್ಬರನ್ನೊಬ್ಬರು ಕೇಳಲು ಸೇರಿದವರು. ಅವರಲ್ಲಿ ಮಾರುವವರು ಯಾರೂ ಇರಲಿಲ್ಲ. ನೀನು ಹೋಗುತ್ತಿರುವ ಟೆಕ್‌ಶೋವನ್ನು ಅಮೆರಿಕದ ವಕೀಲರ ಸಂಘ, ಅಂದರೆ ಅಮೆರಿಕನ್ ಬಾರ್ ಅಸೋಸಿಯೇಷನ್, ಅದೇ ದಶಕದಲ್ಲಿ ಆರಂಭಿಸಿತು. ಒಬ್ಬರೇ ಕಚೇರಿ ನಡೆಸುವ ಸಣ್ಣ ವಕೀಲರಿಗೆ ಕಂಪ್ಯೂಟರು ಹಿಡಿಯುವುದನ್ನು ಇನ್ನೊಬ್ಬ ವಕೀಲರೇ ಕಲಿಸಲಿ ಅನ್ನೋದು ಅದರ ಜೀವಾಳ. ಇವತ್ತಿಗೂ ಮಿಕ್ಕ ಮೇಳಗಳಿಗಿಂತ ಅಲ್ಲಿ ಆ ಗುಣ ಹೆಚ್ಚು ಉಳಿದಿದೆ ಅಂತ ನನಗೆ ಅನ್ನಿಸುತ್ತದೆ. ನಿನ್ನ ಮೊದಲ ಸಮ್ಮೇಳನ ಅದೇ ಆಗುತ್ತಿರುವುದು ನನಗೆ ಸಮಾಧಾನ.

ನಾನು ಮೊದಲು ಹೋದದ್ದು ನ್ಯೂಯಾರ್ಕಿನ ಲೀಗಲ್‌ಟೆಕ್‌ಗೆ. ಸಿಕ್ಸ್ತ್ ಅವೆನ್ಯೂ ಮೇಲಿನ ಹಿಲ್ಟನ್ ಹೋಟೆಲಿನಲ್ಲಿ ಚಳಿಗಾಲದ ನಡುವೆ ನಡೆಯುತ್ತಿತ್ತು. ಬೂಟಿಗೆ ಅಂಟಿದ ಹಿಮ ಕೊಡವಿಕೊಂಡು ಒಳಗೆ ಹೋದರೆ ಮಹಡಿ ಮೇಲೆ ಮಹಡಿ ಸ್ಟಾಲುಗಳು. ಆಗ ಯಾವ ಸಾಫ್ಟ್‌ವೇರ್ ಇದೆ, ಏನು ಮಾಡುತ್ತದೆ ಅಂತ ತಿಳಿಯಲು ಅಲ್ಲಿಗೇ ಹೋಗಬೇಕಿತ್ತು. ಮನೆಯಲ್ಲಿ ಕೂತು ಡೆಮೊ ನೋಡುವ ಕಾಲ ಅದಲ್ಲ. ಎರಡು ಚೀಲ ತುಂಬ ಕರಪತ್ರ, ಸಿಡಿ ಹೊತ್ತು ತಂದು ಕಚೇರಿಯ ಮೇಜಿನ ಮೇಲೆ ಸುರಿದರೆ ಹಿರಿಯ ವಕೀಲರೂ ಬಂದು ಒಂದೊಂದೇ ಎತ್ತಿ ನೋಡುತ್ತಿದ್ದರು. ಸುದ್ದಿ ತರುವುದೇ ಸಮ್ಮೇಳನದ ಮೊದಲ ಕೆಲಸವಾಗಿತ್ತು.

ಆಮೇಲೆ ಹಣ ಬಂತು. ಅದು ಬಂದ ದಾರಿ ನಿನಗೆ ತಿಳಿದಿರಲಿ. ಅಮೆರಿಕದ ಸಿವಿಲ್ ದಾವೆಯಲ್ಲಿ ವಿಚಾರಣೆಗೆ ಮುಂಚೆ ಎರಡೂ ಕಡೆಯವರು ತಮ್ಮಲ್ಲಿರುವ ಸಂಬಂಧಪಟ್ಟ ಕಾಗದಪತ್ರಗಳನ್ನು ಒಬ್ಬರಿಗೊಬ್ಬರು ಒಪ್ಪಿಸಬೇಕು. ಅದಕ್ಕೆ ಡಿಸ್ಕವರಿ ಅನ್ನುತ್ತಾರೆ. ಕಾಗದ ಹೋಗಿ ಇಮೇಲ್ ಬಂದ ಮೇಲೆ ಇದು ಬೆಟ್ಟವಾಯಿತು. ಲಾರಾ ಜುಬುಲೇಕ್ ಎಂಬ ಉದ್ಯೋಗಿ ಯುಬಿಎಸ್ ವಾರ್ಬರ್ಗ್ ಮೇಲೆ ಹೂಡಿದ ತಾರತಮ್ಯದ ದಾವೆಯಲ್ಲಿ ನ್ಯಾಯಾಧೀಶೆ ಶಿರಾ ಶೈಂಡ್ಲಿನ್ 2003, 2004ರಲ್ಲಿ ಒಂದರ ಹಿಂದೊಂದು ಆದೇಶ ಕೊಟ್ಟು, ಇಮೇಲ್ ಉಳಿಸಿಕೊಳ್ಳುವುದು ಕಂಪನಿಯ ಹೊಣೆ, ಅದನ್ನು ನೋಡಿಕೊಳ್ಳುವುದು ವಕೀಲರ ಹೊಣೆ ಅಂದರು. 2005ರಲ್ಲಿ ಜ್ಯೂರಿ ಆಕೆಗೆ 2.9 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು. 2006ರ ಡಿಸೆಂಬರ್ 1ರಿಂದ ಫೆಡರಲ್ ನಿಯಮಗಳೇ ಬದಲಾಗಿ ಎಲೆಕ್ಟ್ರಾನಿಕ್ ದಾಖಲೆಗಳ ಹೆಸರು ನಿಯಮದೊಳಗೆ ಬಂತು. ಅದರ ಮುಂದಿನ ಚಳಿಗಾಲ ಹಿಲ್ಟನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲ ಸ್ಟಾಲಿನ ಮೇಲೂ ಒಂದೇ ಪದ, ಇ-ಡಿಸ್ಕವರಿ.

ಕೆಲಸದ ವಿಷಯಕ್ಕೆ ನಾನು ಒಂದು ರಾತ್ರಿ ಅತ್ತದ್ದೂ ಅದೇ ಕಾಲದಲ್ಲಿ. ಒಂದು ದೊಡ್ಡ ದಾವೆಯಲ್ಲಿ ನಮ್ಮ ಕಕ್ಷಿದಾರರಿಗೆ ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ಕಚೇರಿ ಇತ್ತು. ಒಂದೇ ಇಮೇಲು ಎರಡೂ ಸರ್ವರಿನಲ್ಲಿ ಇರುತ್ತಿತ್ತು. ನಕಲುಗಳನ್ನು ಯಂತ್ರ ಗುರುತಿಸಿ ಒಂದನ್ನು ಮಾತ್ರ ಉಳಿಸಬೇಕು. ಆದರೆ ನ್ಯೂಯಾರ್ಕಿನ ಪ್ರತಿಯಲ್ಲಿ ಸಮಯ 9:14 ಅಂತ ಕೂತಿತ್ತು, ಲಂಡನ್ನಿನ ಪ್ರತಿಯಲ್ಲಿ 14:14 ಅಂತ. ಯಂತ್ರದ ಲೆಕ್ಕಕ್ಕೆ ಅವು ಬೇರೆ ಬೇರೆ ಪತ್ರಗಳಾದವು. ಆ ಪತ್ರ ವಕೀಲರು ಕಕ್ಷಿದಾರರಿಗೆ ಬರೆದ ಗುಟ್ಟಿನ ಸಲಹೆ. ಒಂದು ಪ್ರತಿಯನ್ನು ನೋಡಿದ ಹುಡುಗಿ ‘ಪ್ರಿವಿಲೇಜ್’ ಅಂತ ಗುರುತು ಹಾಕಿ ತಡೆದಿದ್ದಳು. ಇನ್ನೊಂದು ಪ್ರತಿ ಇನ್ನೊಬ್ಬರ ಕೈಗೆ ಹೋಗಿ, ಅವರಿಗೆ ತಿಳಿಯದೆ ದಾಟಿ, ಎದುರಾಳಿಯ ಮೇಜು ಸೇರಿತು. ಶುಕ್ರವಾರ ಸಂಜೆ ಅವರ ವಕೀಲರ ಫೋನು ಬಂತು. ಇಂಥ ಕೈತಪ್ಪಿಗೆ ರಕ್ಷಣೆ ಕೊಡುವ ಸಾಕ್ಷ್ಯ ನಿಯಮ 502 ಬಂದದ್ದು 2008ರ ಸೆಪ್ಟೆಂಬರಿನಲ್ಲಿ. ನಮ್ಮ ಶುಕ್ರವಾರ ಅದಕ್ಕಿಂತ ಮುಂಚಿನದು. ತಪ್ಪು ಯಾರದು ಅಂತ ಬೆಳಗಿನ ಜಾವದವರೆಗೆ ಹುಡುಕಿದೆವು. ಸೋಮವಾರ ನನ್ನನ್ನು ಕರೆದು, ಈ ವಿಷಯ ಈ ಕೋಣೆ ಬಿಟ್ಟು ಆಚೆ ಹೋಗಬಾರದು ಅಂದರು.

ಮುಂದಿನ ಸಮ್ಮೇಳನದಲ್ಲಿ ಊಟದ ಹಾಲ್‌ನಲ್ಲಿ ಜಾಗ ಸಿಗದೆ ಗುರುತಿಲ್ಲದವರ ಮೇಜಿಗೆ ಹೋಗಿ ಕೂತೆ. ಎದುರಿಗೆ ಶಿಕಾಗೋದ ಒಂದು ಕಚೇರಿಯಿಂದ ಬಂದಿದ್ದ ಹೆಂಗಸು, ನನಗಿಂತ ನಾಲ್ಕೈದು ವರ್ಷ ಹಿರಿಯರು. ಸೂಪಿನ ಬಟ್ಟಲು ಪಕ್ಕಕ್ಕೆ ಸರಿಸಿ ತಾವಾಗಿಯೇ ಹೇಳಲು ಶುರುಮಾಡಿದರು: ಇಮೇಲು, ಎರಡು ಊರು, ಎರಡು ಗಡಿಯಾರ. ಅವರ ವಿಷಯದಲ್ಲಿ ಶಿಕಾಗೋ ಮತ್ತು ಫ್ರಾಂಕ್‌ಫರ್ಟ್. ನನ್ನ ಕೈಯಲ್ಲಿದ್ದ ಚಮಚ ಹಾಗೇ ನಿಂತುಹೋಯಿತು. ಆಮೇಲೆ ಪೇಪರ್ ನ್ಯಾಪ್‌ಕಿನ್ ಮೇಲೆ ಬರೆದು ತೋರಿಸಿದರು: ಮೊದಲು ಎಲ್ಲ ಪತ್ರದ ಸಮಯವನ್ನೂ ಗ್ರೀನಿಚ್ ಸಮಯಕ್ಕೆ ತಾ, ಆಮೇಲೆ ನಕಲು ಹುಡುಕು, ಕೊನೆಗೆ ಗುಟ್ಟಿನ ಗುರುತು ಬಿದ್ದ ಪ್ರತಿಯೊಂದು ಪತ್ರದ ಒಡಹುಟ್ಟಿದವರನ್ನೂ ಇನ್ನೊಮ್ಮೆ ಕೈಯಾರೆ ಹುಡುಕು. ಆ ನ್ಯಾಪ್‌ಕಿನ್ ನನ್ನ ಹತ್ತಿರ ಇನ್ನೂ ಇದೆ. ಆ ಮೂರು ದಿನದಲ್ಲಿ ವೇದಿಕೆಯ ಮೇಲೆ ಯಾರು ಏನು ಹೇಳಿದರು ಅಂತ ಕೇಳಿದರೆ ಒಂದು ವಾಕ್ಯವೂ ನೆನಪಿಲ್ಲ.

ಹಾಗಂತ ವೇದಿಕೆಯೆಲ್ಲ ವ್ಯರ್ಥ ಅನ್ನಲಾರೆ. 1997ರಲ್ಲಿ ರಿಚರ್ಡ್ ಬ್ರಾಮನ್ ಅರಿಜೋನಾದಲ್ಲಿ ಹುಟ್ಟುಹಾಕಿದ ಸೆಡೋನಾ ಕಾನ್ಫರೆನ್ಸ್ ಇದೆಯಲ್ಲ, ಅಲ್ಲಿ ನ್ಯಾಯಾಧೀಶರು, ವಾದಿಗಳ ವಕೀಲರು, ಪ್ರತಿವಾದಿಗಳ ವಕೀಲರು ಒಂದೇ ಕೋಣೆಯಲ್ಲಿ ಕೂತು ವಾದಕ್ಕೆ ಬದಲು ಸಂವಾದ ಮಾಡಬೇಕು ಅನ್ನೋದು ಕಟ್ಟಳೆ. ಇ-ದಾಖಲೆಗಳ ಬಗ್ಗೆ ಅವರು ಕೂತು ಬರೆದ ತತ್ವಗಳನ್ನು ಕೋರ್ಟುಗಳು ತೀರ್ಪುಗಳಲ್ಲಿ ಉಲ್ಲೇಖಿಸುತ್ತಾ ಬಂದಿವೆ. ಒಂದು ಸಭೆ ನಡೆದು ಮುಗಿದ ಮೇಲೂ ನಾಲ್ಕು ಜನಕ್ಕೆ ಬೇಕಾದ ಒಂದು ಕಾಗದ ಉಳಿಯಿತು ಅಂದರೆ ಅದಕ್ಕಿಂತ ದೊಡ್ಡ ಮಾತಿಲ್ಲ.

ಇನ್ನೊಂದು ಘಟನೆಯನ್ನು ನೀನು ತಿಳಿದಿರಲೇಬೇಕು. ನಿನ್ನ ಈಗಿನ ಎಐಯ ಅಜ್ಜನಂಥದ್ದು ಪ್ರೆಡಿಕ್ಟಿವ್ ಕೋಡಿಂಗ್. ಅನುಭವಿ ವಕೀಲರು ಕೆಲವು ಸಾವಿರ ದಾಖಲೆ ಓದಿ ಗುರುತು ಹಾಕಿದರೆ, ಅದನ್ನು ನೋಡಿ ಕಲಿತ ಯಂತ್ರ ಉಳಿದ ಲಕ್ಷಾಂತರ ದಾಖಲೆಗಳನ್ನು ತಾನೇ ವಿಂಗಡಿಸುತ್ತದೆ. ಕೋರ್ಟು ಒಪ್ಪುತ್ತದೋ ಇಲ್ಲವೋ ಅಂತ ಎಲ್ಲರಿಗೂ ಅಳುಕು. 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶ ಆಂಡ್ರೂ ಪೆಕ್ ‘ಡಾ ಸಿಲ್ವಾ ಮೂರ್’ ಪ್ರಕರಣದಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು. ಪಬ್ಲಿಸಿಸ್ ಸಮೂಹದ ಮೇಲೆ ಮಹಿಳಾ ಉದ್ಯೋಗಿಗಳು ಹಾಕಿದ ದಾವೆ ಅದು, ಸುಮಾರು 30 ಲಕ್ಷ ದಾಖಲೆ. ಆಗ ವಾದಿಗಳು ಏನು ಮಾಡಿದರು ಗೊತ್ತೇ? ಪೆಕ್ ಈ ಪ್ರಕರಣದಿಂದ ಹಿಂದೆ ಸರಿಯಬೇಕು ಅಂತ ಅರ್ಜಿ ಹಾಕಿದರು. ಸಮ್ಮೇಳನಗಳ ವೇದಿಕೆಯಲ್ಲಿ ಪೆಕ್ ಈ ತಂತ್ರದ ಪರ ಮಾತಾಡಿದ್ದಾರೆ, ಅದೂ ಎದುರಾಳಿ ಕಡೆಯ ವಕೀಲರ ಜೊತೆ ಕೂತು, ತಂತ್ರಾಂಶ ಮಾರುವ ಕಂಪನಿ ಪ್ರಾಯೋಜಕವಾಗಿರುವ ಕಡೆ ಅನ್ನೋದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಜೂನ್‌ನಲ್ಲಿ ಪೆಕ್ ಅರ್ಜಿಯನ್ನು ತಳ್ಳಿಹಾಕಿದರು. ಒಂದು ತಂತ್ರದ ಬಗ್ಗೆ ಸಾರ್ವಜನಿಕವಾಗಿ ಮಾತಾಡಿದ ಮಾತ್ರಕ್ಕೆ ಈ ಪ್ರಕರಣದಲ್ಲಿ ಪಕ್ಷಪಾತಿ ಆಗುವುದಿಲ್ಲ ಅನ್ನೋದು ಅವರ ನಿಲುವು. ನನಗೂ ಅದು ಸರಿ ಅಂತಲೇ ಅನ್ನಿಸಿತು. ಅವರು ಮಾತಾಡದೆ ಇದ್ದಿದ್ದರೆ ನಮ್ಮಂಥವರು ಇನ್ನೂ ಐದು ವರ್ಷ ಹೆದರಿಕೊಂಡೇ ಕೂತಿರುತ್ತಿದ್ದೆವು. ಆದರೂ ಆ ಅರ್ಜಿಯೊಳಗಿನ ಪ್ರಶ್ನೆ ನನ್ನ ಮನಸ್ಸಿಂದ ಹೋಗಿಲ್ಲ. ವೇದಿಕೆಯ ಬಾಡಿಗೆ ಕಟ್ಟಿದವರು ಯಾರು, ಅದರ ಮೇಲೆ ಕೂತವರು ಯಾರು, ಕೇಳುವವರಿಗೆ ಎರಡರ ನಡುವಿನ ನಂಟು ಕಾಣುತ್ತದೆಯೇ? ನೀನು ಹೋಗುವ ಪ್ರತಿ ಸೆಷನ್ನಿನಲ್ಲೂ ಈ ಮೂರನ್ನು ಮನಸ್ಸಲ್ಲಿಟ್ಟುಕೋ. ಕಾರ್ಯಕ್ರಮ ಪಟ್ಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರಾಯೋಜಕರ ಹೆಸರು ಇದ್ದರೂ ಇರಬಹುದು, ಹುಡುಕು.

ಆ ನಂಟಿಗೆ ನಾನೂ ಒಮ್ಮೆ ಮಣಿದೆ. ನನ್ನನ್ನು ಒಂದು ಚರ್ಚೆಗೆ ವೇದಿಕೆಗೆ ಕರೆದಿದ್ದರು. ಆ ಹೊತ್ತಿಗೆ ನಾವು ಬಳಸುತ್ತಿದ್ದ ವಿಂಗಡಣೆಯ ಯಂತ್ರದಲ್ಲಿ ಒಂದು ಹುಳುಕು ಕಂಡಿತ್ತು. ಅಕ್ಷರವಿಲ್ಲದ ಸ್ಕ್ಯಾನ್ ಪುಟಗಳು, ಬರೀ ಅಂಕಿ ತುಂಬಿದ ಎಕ್ಸೆಲ್ ಹಾಳೆಗಳು ಬಂದಾಗ ಅದು ‘ನನಗೆ ಓದಲಾಗಲಿಲ್ಲ’ ಅನ್ನುತ್ತಿರಲಿಲ್ಲ. ಸದ್ದಿಲ್ಲದೆ ‘ಸಂಬಂಧವಿಲ್ಲ’ ಅನ್ನೋ ರಾಶಿಗೆ ತಳ್ಳುತ್ತಿತ್ತು. ನಾನು ಅದಕ್ಕೊಂದು ಸ್ಲೈಡ್ ಮಾಡಿದ್ದೆ. ಹಿಂದಿನ ಸಂಜೆ ಪ್ರಾಯೋಜಕರ ಕಡೆಯವರು ನೋಡಿ, ಬಹಳ ಸೌಜನ್ಯದಿಂದಲೇ, ‘ಇದೊಂದು ಬೇಡ, ಜನಕ್ಕೆ ಗೊಂದಲವಾಗುತ್ತದೆ’ ಅಂದರು. ತೆಗೆದುಬಿಟ್ಟೆ. ಎರಡು ವರ್ಷದ ನಂತರ ಇನ್ನೊಂದು ಊರಿನ ಸಮ್ಮೇಳನದಲ್ಲಿ ಒಬ್ಬ ಹುಡುಗ ಬಂದು ಮಾತಾಡಿಸಿದ. ಅವರ ಕಚೇರಿಯಲ್ಲಿ ಅದೇ ಯಂತ್ರ, ಅದೇ ಎಕ್ಸೆಲ್ ಹಾಳೆ. ಎದುರು ಪಕ್ಷ ಕಂಡುಹಿಡಿದು ಕೋರ್ಟಿಗೆ ಹೇಳಿತ್ತು, ಅವನ ಕೆಲಸ ಹೋಗಿತ್ತು. ‘ಆವತ್ತು ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ ಮೇಡಂ’ ಅಂದ. ನನಗೆ ಉತ್ತರ ಹೊಳೆಯಲಿಲ್ಲ. ನಿನಗೆ ಇಂಥ ಸಂದರ್ಭ ಬಂದರೆ ಸ್ಲೈಡ್ ತೆಗೆಯಬೇಡ ಪುಟ್ಟಿ. ವೇದಿಕೆ ಬೇಕಾದರೆ ಬಿಟ್ಟುಬಿಡು.

2010ರ ದಶಕದಲ್ಲಿ ಮೇಳದ ಚಹರೆಯೇ ಬದಲಾಯಿತು. ಮಾರುವವರು ತಮ್ಮದೇ ಜಾತ್ರೆ ಕಟ್ಟಿಕೊಂಡರು. ಕ್ಲಿಯೋ ಕಂಪನಿಯನ್ನೇ ನೋಡು. 2008ರಲ್ಲಿ ನೀನು ಹೋಗುತ್ತಿರುವ ಇದೇ ಟೆಕ್‌ಶೋದಲ್ಲಿ ತನ್ನ ತಂತ್ರಾಂಶವನ್ನು ಮೊದಲು ಜನರ ಮುಂದೆ ಇಟ್ಟ ಪುಟ್ಟ ಕೆನಡಾ ಕಂಪನಿ ಅದು. 2013ರ ಹೊತ್ತಿಗೆ ಅದರದೇ ಸ್ವಂತ ಸಮ್ಮೇಳನ ಶುರುವಾಯಿತು. 2025ರಲ್ಲಿ ವಿಲೆಕ್ಸ್ ಎಂಬ ಕಾನೂನು ಸಂಶೋಧನಾ ಕಂಪನಿಯನ್ನು 100 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ರಿಲೆಟಿವಿಟಿ ಅನ್ನೋ ಇನ್ನೊಂದು ತಂತ್ರಾಂಶ ಕಂಪನಿಯದೂ ಶಿಕಾಗೋದಲ್ಲೇ ಪ್ರತಿವರ್ಷ ಹಬ್ಬ. ಅವುಗಳಿಂದ ಉಪಯೋಗವಿಲ್ಲ ಅಂತಲ್ಲ. ಒಂದು ತಂತ್ರಾಂಶವನ್ನು ಕೊಂಡಾದ ಮೇಲೆ ಚೆನ್ನಾಗಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಆದರೆ ಮದುವೆ ಮನೆಗೆ ಹೋಗಿ ಹುಡುಗನ ಗುಣ ವಿಚಾರಿಸಿದ ಹಾಗೆ. ಊಟ ಹಾಕುತ್ತಿರುವವರ ಎದುರು ಯಾರು ತಾನೇ ಬಾಯಿ ಬಿಡುತ್ತಾರೆ? ಕೊಳ್ಳುವ ಮುಂಚೆ ಕೇಳಬೇಕಾದ್ದನ್ನು ಬೇರೆ ಕಡೆ ಕೇಳಿರಬೇಕು.

ಕೋವಿಡ್ ಇದನ್ನೆಲ್ಲ ಒರೆಗೆ ಹಚ್ಚಿತು. 2020ರ ಫೆಬ್ರವರಿ ಕೊನೆಗೆ ಟೆಕ್‌ಶೋ ಎಂದಿನಂತೆ ಶಿಕಾಗೋದಲ್ಲಿ ನಡೆಯಿತು. ಅದಾಗಿ ಎರಡು ವಾರಕ್ಕೆ ಊರೆಲ್ಲ ಬಾಗಿಲು ಹಾಕಿತು. ಆ ಆಗಸ್ಟ್‌ನ ಇಲ್ಟಾ ಸಮ್ಮೇಳನ ಪರದೆಯ ಮೇಲೆ, ಮುಂದಿನ ವರ್ಷದ ಟೆಕ್‌ಶೋವೂ ಪರದೆಯ ಮೇಲೆ. ನಾನು ಮನೆಯ ಮೇಜಿನ ಮುಂದೆ ಕೂತು ಎಲ್ಲ ಸೆಷನ್ ಕೇಳಿದೆ. ಭಾಷಣಕ್ಕೆ ಏನೂ ಕೊರತೆಯಾಗಲಿಲ್ಲ, ಬೇಕಾದಾಗ ನಿಲ್ಲಿಸಿ ಹಿಂದಕ್ಕೆ ಹೋಗಿ ಕೇಳಬಹುದಿತ್ತು. ಡೆಮೊ ಇನ್ನೂ ಸ್ಪಷ್ಟವಾಗಿ ಕಂಡಿತು. ಎಲ್ಲ ಮುಗಿದ ಮೇಲೆ ನೋಟ್ ಪುಸ್ತಕ ತೆಗೆದರೆ, ಪ್ರತಿ ವರ್ಷ ನಾನು ಎಡಗಡೆಯ ಪುಟದಲ್ಲಿ ಬರೆದುಕೊಳ್ಳುತ್ತಿದ್ದ ‘ಯಾರು ಎಲ್ಲಿ ಎಡವಿದರು’ ಅನ್ನೋ ಜಾಗ ಪೂರ್ತಿ ಖಾಲಿ. ರೆಕಾರ್ಡ್ ಆಗುತ್ತಿರುವ ಕಡೆ ಯಾರೂ ತಮ್ಮ ಶುಕ್ರವಾರದ ಕಥೆ ಹೇಳುವುದಿಲ್ಲ. ಸುದ್ದಿ ತರುವ ಕೆಲಸ ಸಮ್ಮೇಳನದ ಕೈಬಿಟ್ಟು ಹೋಗಿದೆ, ಉಳಿದಿರುವುದು ಎದುರು ಕೂತು ಆಡುವ ಮಾತು ಮಾತ್ರ ಅಂತ ನನಗೆ ಖಚಿತವಾದದ್ದು ಆ ಖಾಲಿ ಪುಟ ನೋಡಿ.

ಈಗ ಎಐ ಬಂದಿದೆ. ಮೇಳಗಳು ಮತ್ತೆ ತುಂಬಿ ತುಳುಕುತ್ತಿವೆ. ಲೀಗಲ್‌ಟೆಕ್‌ಗೆ ಈಗ ಲೀಗಲ್‌ವೀಕ್ ಅಂತ ಹೆಸರು. ಹಿಲ್ಟನ್ ಬಿಟ್ಟು ಜಾವಿಟ್ಸ್ ಸೆಂಟರಿಗೆ ಹೋಗುವಷ್ಟು ಬೆಳೆದಿದೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಮರುವರ್ಷ ಜೂನ್‌ನಲ್ಲೇ ‘ಮಾಟಾ ವಿರುದ್ಧ ಅವಿಯಾಂಕಾ’ ಪ್ರಕರಣದಲ್ಲಿ, ಯಂತ್ರ ಹುಟ್ಟಿಸಿದ ಸುಳ್ಳು ತೀರ್ಪುಗಳನ್ನು ಕೋರ್ಟಿಗೆ ಕೊಟ್ಟಿದ್ದಕ್ಕೆ ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ ವಕೀಲರಿಗೆ 5,000 ಡಾಲರ್ ದಂಡ ಹಾಕಿದರು. ಅದೇ ತಿಂಗಳು ಥಾಮ್ಸನ್ ರಾಯ್ಟರ್ಸ್, ಕೇಸ್‌ಟೆಕ್ಸ್ಟ್ ಎಂಬ ಎಐ ಕಂಪನಿಯನ್ನು 65 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಭಯ ಮತ್ತು ಹಣ ಒಂದೇ ತಿಂಗಳಲ್ಲಿ ಬಂದವು ನೋಡು. ಅಲ್ಲಿಂದಾಚೆಗೆ ಯಾವ ಸ್ಟಾಲಿಗೆ ಹೋದರೂ ‘ನಮ್ಮದು ಹಾಗೆ ಸುಳ್ಳು ಹೇಳುವುದಿಲ್ಲ’ ಅನ್ನೋ ಆಶ್ವಾಸನೆ. 2024ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕಾನೂನಿಗೆಂದೇ ದೊಡ್ಡ ಕಂಪನಿಗಳು ಮಾಡಿದ ಎಐ ಸಾಧನಗಳನ್ನು ಪರೀಕ್ಷಿಸಿದಾಗ ಅವು ಶೇ. 17ರಿಂದ 33ರಷ್ಟು ಸಲ ತಪ್ಪು ಕಟ್ಟಿ ಹೇಳಿದ್ದವು. ಆ ಪರೀಕ್ಷೆ ನಡೆದದ್ದು ಯಾವ ಮೇಳದ ವೇದಿಕೆಯಲ್ಲೂ ಅಲ್ಲ.

ಇದು ದೂರದ ಅಮೆರಿಕದ ಮಾತು ಅಂದುಕೊಳ್ಳಬೇಡ. ನಿನ್ನ ಬೆಂಗಳೂರಿನಲ್ಲೇ 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ಆದೇಶ ಹೊರಡಿಸಿ, ಆಮೇಲೆ ಹಿಂದಕ್ಕೆ ತೆಗೆದುಕೊಂಡಿತು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟು, ಎಲ್ಲೂ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ನೆಚ್ಚಿ ಆದೇಶ ಕೊಟ್ಟ ನಗರದ ಸಿವಿಲ್ ನ್ಯಾಯಾಧೀಶರೊಬ್ಬರ ಬಗ್ಗೆ ವಿಚಾರಣೆಯಾಗಲಿ ಅಂದಿತು. ಒಂದು ಪತ್ರದ ಎರಡು ಪ್ರತಿ ನಮ್ಮನ್ನು ಒಂದು ರಾತ್ರಿ ಅಳಿಸಿತು. ಇಲ್ಲದ ತೀರ್ಪನ್ನು ನಂಬಿ ಕೋರ್ಟು ಮಾತಾಡಿದರೆ ಅಳಬೇಕಾದವನು ಯಾವುದೋ ಕಕ್ಷಿದಾರ. ಜಮೀನು ಕಳೆದುಕೊಂಡವನೋ, ಜೀವನಾಂಶಕ್ಕೆ ಕಾದವಳೋ. ಅದಕ್ಕೇ ಈ ವಿಷಯದಲ್ಲಿ ನಾನು ಇಷ್ಟು ಉದ್ದ ಬರೆಯುತ್ತಿರುವುದು.

ಈಗ ನೀನು ಏನು ಮಾಡಬೇಕು ಹೇಳುತ್ತೇನೆ. ಹೊರಡುವ ಮುಂಚೆ ಒಂದು ರಾತ್ರಿ ನಿನ್ನ ಕಂಪನಿಯ ರಿವ್ಯೂ ತಂಡದ ಜೊತೆ ಕೂರು. ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿ ಪಾಳಿಯಲ್ಲಿ ದಾಖಲೆ ಓದುವ ಆ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಎಷ್ಟೊಂದು ಜನ ಇದ್ದಾರೆ. ಯಂತ್ರ ಎಲ್ಲಿ ಎಡವುತ್ತದೆ ಅಂತ ಅವರಷ್ಟು ಬಲ್ಲವರು ಇನ್ನಿಲ್ಲ. ಯಾವ ಸಮ್ಮೇಳನಕ್ಕೂ ಅವರನ್ನು ಯಾರೂ ಕಳಿಸುವುದಿಲ್ಲ. ನನ್ನ ಇಡೀ ವೃತ್ತಿಯಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟ ಸಂಗತಿ ಇದು. ಕೆಸರಲ್ಲಿ ಎತ್ತು ಹೂಡುವವನನ್ನು ಮನೆಯಲ್ಲಿ ಬಿಟ್ಟು ಜಾತ್ರೆಗೆ ಹೋಗಿ ಎತ್ತು ಆರಿಸುತ್ತೇವೆ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಂಡು ಹೋಗು. ಅವರ ಅನುಮತಿ ಕೇಳು, ಕಕ್ಷಿದಾರರ ಗುಟ್ಟು ಒಂದಕ್ಷರವೂ ಹೊರಬೀಳದ ಹಾಗೆ ನೋಡಿಕೋ.

ಅಲ್ಲಿಗೆ ಹೋದ ಮೇಲೆ ಮೊದಲ ಸಂಜೆಯ ಸ್ಟಾರ್ಟಪ್‌ಗಳ ಸ್ಪರ್ಧೆಯನ್ನು ತಪ್ಪಿಸಬೇಡ. 2017ರಿಂದ ನಡೆಸಿಕೊಂಡು ಬಂದಿದ್ದಾರೆ, ಕಾನೂನು ತಂತ್ರಜ್ಞಾನದ ಬಗ್ಗೆ ಬಹುಕಾಲದಿಂದ ಬರೆಯುವ ಬಾಬ್ ಆಂಬ್ರೋಗಿ ಅದರ ಹಿಂದಿದ್ದಾರೆ. ಗೆದ್ದವರ ಹತ್ತಿರ ಎಲ್ಲರೂ ಹೋಗುತ್ತಾರೆ, ನೀನು ಸೋತವರ ಹತ್ತಿರ ಹೋಗಿ ಮಾತಾಡಿಸು. ಯಾರೂ ಕೊಳ್ಳದ ಒಂದು ಒಳ್ಳೆಯ ಯೋಚನೆ ಯಾಕೆ ಮಾರಾಟವಾಗಲಿಲ್ಲ ಅಂತ ತಿಳಿದರೆ ಕೊಳ್ಳುವವರ ಮನಸ್ಸು ಅರ್ಥವಾಗುತ್ತದೆ. ಸ್ಟಾಲಿಗೆ ಹೋದರೆ ಅವರ ಮಾದರಿ ದಾಖಲೆಯ ಮೇಲೆ ಡೆಮೊ ನೋಡಬೇಡ, ಅದು ಬಣ್ಣ ಹಚ್ಚಿದ ಕೊಂಬು. ನಿನ್ನದೇ ಒಂದು ಹಾಳು ಸ್ಕ್ಯಾನ್, ಅರ್ಧ ಇಂಗ್ಲಿಷು ಅರ್ಧ ಕನ್ನಡ ಇರುವ ಒಂದು ಬಾಡಿಗೆ ಕರಾರು ಒಯ್ದು, ‘ಇದನ್ನು ಓದಿಸಿ’ ಅನ್ನು. ಓದಲು ಬಾರದಿದ್ದರೆ ಪರವಾಗಿಲ್ಲ. ಓದಲು ಬರಲಿಲ್ಲ ಅಂತ ಹೇಳುತ್ತದೆಯೇ ನೋಡು. ನಾಳೆ ನಾವು ಬೇಡ ಅಂದರೆ ನಮ್ಮ ದಾಖಲೆಗಳನ್ನು ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ವಾಪಸ್ ಕೊಡುತ್ತೀರಿ ಅಂತಲೂ ಕೇಳು. ಅದಕ್ಕೆ ತಟ್ಟನೆ ಉತ್ತರ ಕೊಡುವವರನ್ನು ನಂಬಬಹುದು.

ಬಳಸುವವರು ಸಿಕ್ಕರೆ, ‘ಎರಡನೇ ವರ್ಷವೂ ದುಡ್ಡು ಕಟ್ಟಿದಿರಾ?’ ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಿರು. ಮಿಕ್ಕದ್ದನ್ನು ಅವರೇ ಹೇಳುತ್ತಾರೆ. ಹೇಳದಿದ್ದರೆ ನಿನ್ನ ಎಡವಟ್ಟನ್ನು ಮೊದಲು ನೀನು ಹೇಳು. ಶಿಕಾಗೋದ ಆ ಹೆಂಗಸು ಸೂಪಿನ ಬಟ್ಟಲು ಸರಿಸಿ ಮೊದಲು ತಮ್ಮದನ್ನು ಹೇಳಿದ್ದಕ್ಕೇ ನನ್ನ ಬಾಯಿ ಬಿಚ್ಚಿದ್ದು. ಕೋಣೆ ಬಿಟ್ಟು ಆಚೆ ಹೋಗಬಾರದು ಅಂದಿದ್ದ ಮಾತಿನಲ್ಲಿ ಕಕ್ಷಿದಾರರ ಹೆಸರು, ಪ್ರಕರಣದ ಹೆಸರು ಬಿಟ್ಟು, ಗಡಿಯಾರದ ಕಥೆಯನ್ನಷ್ಟೇ ಹೇಳಿದೆ. ಆವತ್ತು ಆ ಮೇಜಿನಲ್ಲಿದ್ದ ಆರು ಜನರಲ್ಲಿ ನಾಲ್ವರಿಗೆ ಅದೇ ತೊಂದರೆ ಇತ್ತು.

ದಪ್ಪ ಕೋಟು ತಾ. ಮಾರ್ಚ್ ಕೊನೆಯಾದರೂ ಶಿಕಾಗೋದಲ್ಲಿ ಸರೋವರದ ಕಡೆಯಿಂದ ಬೀಸುವ ಗಾಳಿ ಮೂಳೆಗೆ ತಾಗುತ್ತದೆ. ಹೀಲ್ಸ್ ಬೇಡ, ದಿನವೆಲ್ಲ ನಿಂತಿರಬೇಕು. ಇನ್ನೊಂದು ವಿಷಯ. ಆ ನ್ಯಾಪ್‌ಕಿನ್ನಿನವರು ನಿವೃತ್ತರಾಗಿ ಆರು ವರ್ಷವಾಯಿತು. ಆದರೂ ಊರಲ್ಲೇ ಇರುವುದರಿಂದ ಪ್ರತಿವರ್ಷ ಒಂದು ಸಂಜೆ ಟೆಕ್‌ಶೋಗೆ ಬರುತ್ತಾರೆ. ನಿನ್ನ ನಂಬರ್ ಕೊಟ್ಟಿದ್ದೇನೆ. ಮೊದಲ ದಿನ ಸಂಜೆ ಸ್ಪರ್ಧೆ ಮುಗಿದ ಮೇಲೆ ರಿಜಿಸ್ಟ್ರೇಶನ್ ಮೇಜಿನ ಹತ್ತಿರ ಕಾದಿರುತ್ತಾರೆ. ರಿವ್ಯೂ ತಂಡದವರು ಬರೆಸಿದ ಕಾಗದ ಬ್ಯಾಗಿನಲ್ಲಿರಲಿ, ಅವರು ಮೊದಲು ಅದನ್ನೇ ಕೇಳುತ್ತಾರೆ.

ಇಂತಿ,
ನಿನ್ನ ಅತ್ತೆ